ಎಳೆಗೂಸಿನ ಹೃದಯ ಸೋಲ್ತಿದೆ, ಕಾರಣ ತಲೆಯಲ್ಲಿ!

ಮಗು ಹುಟ್ಟಿ ಎರಡೇ ದಿನ.
ಏದುಸಿರು. ಹಾಲು ಎಳೀತಿಲ್ಲ.
ಹೃದಯ ಸೋಲ್ತಾ ಇದೆ.
ಎಕೋ ಮಾಡಿದ್ರೆ, ಹೃದಯದಲ್ಲಿ ಅಂಥ ದೋಷವೇನೂ ಕಾಣ್ತಿಲ್ಲ.
ಹಾಗಾದ್ರೆ ತೊಂದರೆ ಎಲ್ಲಿದೆ?

ಮೆದುಳಿನ ರಕ್ತನಾಳದಲ್ಲಿ!
ಹೆಸರು, ವೇನ್ ಆಫ್ ಗೇಲನ್ ಮಾಲ್‌ಫಾರ್ಮೇಶನ್.
ತುಂಬಾ ಅಪರೂಪ.

ರಕ್ತ ಅಪಧಮನಿಯಿಂದ ಲೋಮನಾಳಗಳಿಗೆ ಹೋಗಿ,
ಆಮೇಲೆ ಅಭಿಧಮನಿ ಸೇರಬೇಕು.
ಇಲ್ಲಿ ನಡುವಿನ ಲೋಮನಾಳಗಳೇ ಇಲ್ಲ.
ಕಾಲುವೆ ಏರಿ ಒಡೆದು,
ನೀರು ಗದ್ದೆ ಬಿಟ್ಟು ನೇರ ಹಳ್ಳಕ್ಕೆ ನುಗ್ಗಿದ ಹಾಗೆ.
ಮೆದುಳಿಗೆ ರಕ್ತ ಸಾಲಲ್ಲ.
ವಾಪಸ್ ನುಗ್ಗೋ ರಕ್ತ ತಳ್ಳಿ ತಳ್ಳಿ ಹೃದಯ ದಣಿಯುತ್ತೆ.

ಪತ್ತೆ ಹೇಗೆ?
ನುರಿತ ವೈದ್ಯರು ಸ್ಟೆತಸ್ಕೋಪನ್ನ ತಲೆ ಮೇಲೂ ಇಟ್ಟು ಕೇಳ್ತಾರೆ.
ರಭಸದ ಸದ್ದು ಕೇಳಿಸಬಹುದು.
ನೆತ್ತಿಯ ಮೆತ್ತನೆ ಜಾಗದಿಂದಲೇ ಅಲ್ಟ್ರಾಸೌಂಡ್.
ಆಮೇಲೆ ಎಂಆರ್‌ಐ.

ಚಿಕಿತ್ಸೆಗೆ ಸಾಮಾನ್ಯವಾಗಿ ತಲೆಬುರುಡೆ ತೆರೆಯಲ್ಲ.
ತೊಡೆಸಂದಿನ ರಕ್ತನಾಳದಿಂದ ತೀರಾ ಸಣ್ಣ ಕೊಳವೆ,
ಮೆದುಳಿನವರೆಗೂ!
ಅಡ್ಡದಾರಿಗೆ ವೈದ್ಯಕೀಯ ಅಂಟು ಬಿಟ್ಟು ಮುಚ್ತಾರೆ.
ಹಂತ ಹಂತವಾಗಿ.
ಔಷಧಿಯಲ್ಲೇ ಮಗು ಸುಧಾರಿಸಿಕೊಂಡ್ರೆ ಐದಾರು ತಿಂಗಳು ಕಾಯೋದೂ ಉಂಟು.
ಅದು ನಿರ್ಲಕ್ಷ್ಯ ಅಲ್ಲ ಕಣ್ರೀ,
ಆ ಪುಟ್ಟ ದೇಹ ಬಲಿಯಲಿ ಅಂತ.

ಈಗ ಇದು ಕೇಳಿ.
2023ರ ಮಾರ್ಚ್. ಅಮೆರಿಕದ ಬಾಸ್ಟನ್.
34 ವಾರದ ಬಸುರಿ.
ಹೊಟ್ಟೆಯಲ್ಲಿದ್ದ ಮಗುವಿಗೂ ಇದೇ ತೊಂದರೆ.
ವೈದ್ಯರು ಅಲ್ಟ್ರಾಸೌಂಡ್ ನೋಡ್ತಾ,
ತಾಯಿಯ ಹೊಟ್ಟೆ ಮೂಲಕ ಸೂಜಿ ಹಾಕಿ,
ಇನ್ನೂ ಹುಟ್ಟದ ಮಗುವಿನ ಮೆದುಳಿನ ಆ ನಾಳಕ್ಕೆ
ಪ್ಲಾಟಿನಂ ತಂತಿಯ ಸುರುಳಿ ತುಂಬಿದ್ರು.
ಮಗು ಹುಟ್ಟಿತು.
ಹೃದಯಕ್ಕೆ ಔಷಧಿಯೇ ಬೇಕಾಗಲಿಲ್ಲ!