ಟನಲ್ ತರಕಾರಿ: ಹಣ ಹಾಕುವ ಮೊದಲು ಕೆಲಸ ಕಲಿಯಬೇಕು

ಗಲ್ಫ್‌ನಿಂದ ವಾಪಸಾದ ಯುವಕರು ಊರಲ್ಲೇ ಏನಾದರೂ ಮಾಡಬೇಕು ಅಂತ ಹೊರಟಾಗ ಮೊದಲು ಕಣ್ಣಿಗೆ ಬೀಳುವುದು ಯೂಟ್ಯೂಬ್‌ನ ಪಾಲಿಹೌಸ್ ವೀಡಿಯೊಗಳು. ನೋಡಲು ಚೆಂದ, ಲೆಕ್ಕವೂ ಸುಲಭ. ಆದರೆ ಕೆಲಸ ಗೊತ್ತಿಲ್ಲದೆ ಲಕ್ಷಗಟ್ಟಲೆ ಸುರಿದು ಕೈಸುಟ್ಟುಕೊಂಡರೆ ಹೋಗುವುದು ವರ್ಷಗಳ ದುಡಿಮೆ. ಅದಕ್ಕಿಂತ ಸಣ್ಣ ಮೆಟ್ಟಿಲು ಒಂದಿದೆ, ಅದೇ ಟನಲ್.

ಟನಲ್ ಅಂದರೇನು?

ಒಂದು ಮೀಟರ್ ಅಗಲದ ಏರುಮಡಿ ಮಾಡಿ, ಒಂದೂವರೆ ಎರಡು ಮೀಟರಿಗೊಂದರಂತೆ ಬಿದಿರು, ಪಿವಿಸಿ ಪೈಪು ಅಥವಾ ದಪ್ಪ ತಂತಿಯನ್ನು ಕಮಾನಿನಂತೆ ಬಗ್ಗಿಸಿ ನೆಟ್ಟು, ಮೇಲೆ ಪ್ಲಾಸ್ಟಿಕ್ ಹಾಳೆ ಅಥವಾ ನೆಟ್ ಹೊದಿಸುವುದು. ಎತ್ತರ ಸುಮಾರು ಎರಡು ಅಡಿ. ಮನುಷ್ಯ ನಿಂತು ಕೆಲಸ ಮಾಡುವಷ್ಟು ಎತ್ತರದ್ದೂ ಇದೆ.

ಊರಿಗೆ ತಕ್ಕ ಹೊದಿಕೆ

ಸಾಂಗ್ಲಿ ಮತ್ತು ಮಿರಜ್ ನಡುವಿನ ವಿಶ್ರಾಮಬಾಗದಂತಹ ಬಯಲು ಪ್ರದೇಶದಲ್ಲಿ ಮಳೆ ಕಡಿಮೆ, ಚಳಿಗಾಲದ ರಾತ್ರಿ ತಂಪು. ಅಲ್ಲಿ ಹಾಳೆ ಹೊದಿಸುವುದು ಬಿಸಿ ಹಿಡಿದಿಡಲು. ಬೀಜ ಬೇಗ ಮೊಳೆಯುತ್ತದೆ, ಫಸಲು ಮಾರುಕಟ್ಟೆಗೆ ಮೊದಲು ಬರುತ್ತದೆ. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ.ಗಿಂತ ಹೆಚ್ಚು ಮಳೆ. ಸಾಂಗ್ಲಿಯಲ್ಲಿ ಅದರ ಐದನೇ ಒಂದು ಭಾಗವೂ ಇಲ್ಲ. ಕರಾವಳಿಯಲ್ಲಿ ಚಳಿಯ ಚಿಂತೆಯಿಲ್ಲ, ಹೊದಿಕೆ ಬೇಕಾದದ್ದು ಮಳೆಯ ಹೊಡೆತ ತಡೆಯಲು. ಹಾಗಾಗಿ ಎತ್ತರದ ಟನಲ್ ಮಾಡಿ, ಮೇಲ್ಭಾಗ ಮಾತ್ರ ಮುಚ್ಚಿ, ಬದಿಗಳನ್ನು ತೆರೆದಿಡಬೇಕು. ಬಯಲು ಸೀಮೆಯ ವೀಡಿಯೊ ನೋಡಿ ಇಲ್ಲೂ ಪೂರ್ತಿ ಮುಚ್ಚಿದರೆ ಒಳಗೆ ತೇವ ನಿಂತು ಶಿಲೀಂಧ್ರ ರೋಗ ಖಂಡಿತ. ಬೇಸಗೆಯಲ್ಲಿ ಪ್ಲಾಸ್ಟಿಕ್ ತೆಗೆದು ನೆರಳು ಬಲೆ ಹಾಕಬೇಕು.

ತರಬೇತಿಯಲ್ಲಿ ಕಲಿಯಬೇಕಾದದ್ದು

ಮುಳ್ಳುಸೌತೆ, ಹಾಗಲಕ್ಕೆ ಜೇನುನೊಣ ಬೇಕು. ಹೂ ಬಿಟ್ಟ ಮೇಲೂ ಮುಚ್ಚಿಟ್ಟರೆ ಕಾಯಿ ಕಟ್ಟೋದಿಲ್ಲ. ಬೆಳಿಗ್ಗೆ ತೆರೆಯಬೇಕು, ಇಲ್ಲವೇ ಗಂಡು ಹೂವಿನ ಪರಾಗವನ್ನು ಕೈಯಿಂದಲೇ ಹೆಣ್ಣು ಹೂವಿಗೆ ಮುಟ್ಟಿಸಬೇಕು. ಹರಿವೆಗೆ ಈ ತಾಪತ್ರಯವಿಲ್ಲ, ಸುಮಾರು ಒಂದು ತಿಂಗಳಲ್ಲಿ ಕೊಯ್ಲು. ಹೊಸಬರು ಇದರಿಂದಲೇ ಶುರು ಮಾಡುವುದು ಒಳ್ಳೆಯದು. ಟೊಮೆಟೊ, ಬದನೆಗೆ ನಮ್ಮ ಹುಳಿ ಮಣ್ಣಿನಲ್ಲಿ ಸೊರಗು ರೋಗದ ಕಾಟ. ಅದಕ್ಕೆ ಮಣ್ಣಿಗೆ ಸುಣ್ಣ ಸೇರಿಸಬೇಕು, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್‌ನಂತಹ ರೋಗ ತಡೆಯುವ ಟೊಮೆಟೊ ತಳಿ ಆರಿಸಬೇಕು.

ಎಲ್ಲಿ ಕಲಿಯುವುದು?

ಮಂಗಳೂರಿನ ಕಂಕನಾಡಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ನಿರುದ್ಯೋಗಿ ಯುವಜನರಿಗೆ ಊಟ, ವಸತಿ ಸಹಿತ ಉಚಿತ ತರಬೇತಿ ಕೊಡುತ್ತದೆ. ಇದೇ ಮಾದರಿಯ ಸಂಸ್ಥೆಗಳು ದೇಶದ ಬಹುತೇಕ ಜಿಲ್ಲೆಗಳಲ್ಲಿವೆ. ಒಬ್ಬೊಬ್ಬರೇ ಅಲೆಯುವ ಬದಲು ಜಮಾಅತ್ ಅಥವಾ ಯುವಕ ಸಂಘದವರು ಆಸಕ್ತರ ಹೆಸರು ಪಟ್ಟಿ ಮಾಡಿ, ತಂಡವಾಗಿ ತರಬೇತಿ ಕೇಳುವುದು ಉತ್ತಮ. ಮನೆಯಲ್ಲೇ ಇರುವ ಹೆಣ್ಮಕ್ಕಳಿಗೆ ಊರಲ್ಲೇ ತರಬೇತಿ ಸಿಕ್ಕಿದರೆ ಹಿತ್ತಲಿನ ಎರಡು ಮಡಿಯೂ ಆದಾಯ ತರಬಲ್ಲದು.

ಲೆಕ್ಕ ಹೀಗಿರಲಿ

ಬಿಸಿಲು ತಡೆಯುವ 200 ಮೈಕ್ರಾನ್ ಹಾಳೆ ಸುಮಾರು ಮೂರು ವರ್ಷ ಬಾಳುತ್ತದೆ. ಹಾಗಾಗಿ ಅದರ ಬೆಲೆಯ ಮೂರನೇ ಒಂದು ಭಾಗವನ್ನು ಒಂದು ವರ್ಷದ ಖರ್ಚಿಗೆ ಹಾಕಬೇಕು. ಬೀಜ, ಗೊಬ್ಬರ, ಸಾಗಾಟದ ಜತೆ ಮನೆಯವರ ಕೂಲಿಯನ್ನೂ ಬರೆಯಬೇಕು. ಒಟ್ಟು ಖರ್ಚನ್ನು ಮಾರಿದ ಕಿಲೋಗಳಿಂದ ಭಾಗಿಸಿದರೆ ಅಸಲು ಸಿಗುತ್ತದೆ. ಅಂಗಡಿಯವರು ಕೊಡುವ ದರ ಅದಕ್ಕಿಂತ ಕಡಿಮೆಯಿದ್ದರೆ ಬೆಳೆ ಬದಲಿಸಬೇಕು. ಮಳೆಗಾಲದಲ್ಲಿ ಘಟ್ಟದ ತರಕಾರಿಯ ದರ ಏರಿದಾಗ ಊರ ತರಕಾರಿಗೆ ಒಳ್ಳೆಯ ಬೆಲೆ ಸಿಗುತ್ತದೆ. ಟನಲ್‌ನ ಲಾಭ ಇರುವುದು ಅಲ್ಲೇ.

ದೊಡ್ಡ ನೆರಳುಮನೆ, ಪಾಲಿಹೌಸ್‌ಗೆ ತೋಟಗಾರಿಕೆ ಇಲಾಖೆಯ ಸಹಾಯಧನವಿದೆ. ಆದರೆ ಕಟ್ಟಿದ ಮೇಲೆ ಅರ್ಜಿ ಹಾಕಿದರೆ ಪ್ರಯೋಜನವಿಲ್ಲ, ಮೊದಲೇ ತಾಲೂಕು ಕಚೇರಿಯಲ್ಲಿ ವಿಚಾರಿಸಿ ಮಂಜೂರಾತಿ ಪಡೆಯಬೇಕು. ಒಂದು ಮಳೆಗಾಲ ಎರಡು ಮಡಿಯಲ್ಲಿ ಬೆಳೆದು, ಮಾರಿ, ಲೆಕ್ಕ ಬರೆದು ನೋಡಿದವರು ಆಮೇಲೆ ಸಾಲದ ಮಾತಾಡಬಹುದು.