ಬಯಲುಸೀಮೆಯ ಮಂಟಪದಲ್ಲಿ ಹೈಡ್ರೇಂಜಿಯಾ

ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಮದುವೆಗಳಿಗೆ ಮಂಟಪ ಕಟ್ಟುವವನು ನಾನು. ನಮ್ಮದೇನಿದ್ದರೂ ಸೇವಂತಿಗೆ, ಚೆಂಡುಹೂವಿನ ಕಾರುಬಾರು. ಈಗ ಹುಡುಗಿಯ ಮೊಳಕಾಲ್ಮೂರು ರೇಷ್ಮೆ ಸೀರೆಗೆ ಹೊಂದುವ ನೀಲಿ ಹೈಡ್ರೇಂಜಿಯಾವೇ ಬೇಕೆನ್ನುವವರೂ ಇದ್ದಾರೆ. ಮಡಿಕೇರಿ, ಊಟಿಯ ತಂಪಿನಲ್ಲಿ ಬೆಳೆಯುವ ಹೂವು ಅದು. ರಾಜ್ಯದಲ್ಲೇ ಕಡಿಮೆ ಮಳೆ ಬೀಳುವ ನಮ್ಮ ಸೀಮೆಯ ಬಿಸಿಲಿಗೆ ನೋಡನೋಡುತ್ತಲೇ ಜೋತುಬೀಳುತ್ತದೆ.

ಬಾಡಿತೆಂದು ಎಸೆಯಬೇಡಿ. ಕತ್ತರಿಸಿದ ತೊಟ್ಟಿನಿಂದ ಅಂಟು ಒಸರಿ ನೀರಿನ ದಾರಿ ಕಟ್ಟಿಕೊಂಡಿರುತ್ತದೆ, ಅಷ್ಟೇ. ಎಲೆಗಳನ್ನು ತೆಗೆದು, ತುದಿಯನ್ನು ಓರೆಯಾಗಿ ಮತ್ತೆ ಕತ್ತರಿಸಿ, ಪಟಿಕದ ಪುಡಿಯಲ್ಲಿ ಅದ್ದಿ ನೀರಿಗಿಡಿ. ಕ್ಷೌರದಂಗಡಿಯಲ್ಲಿ ಗಡ್ಡಕ್ಕೆ ಉಜ್ಜುತ್ತಾರಲ್ಲ, ಅದೇ ಪಟಿಕ. ಅದು ಸಿಗದಿದ್ದರೆ ತುದಿಯನ್ನಷ್ಟೇ ಅರ್ಧ ನಿಮಿಷ ಕುದಿನೀರಿನಲ್ಲಿ ಹಿಡಿಯಿರಿ. ತೀರಾ ಸೊರಗಿದ್ದರೆ ಇಡೀ ಗೊಂಚಲನ್ನೇ ತಣ್ಣೀರಿನ ಬಕೆಟ್ಟಿನಲ್ಲಿ ಮುಳುಗಿಸಿಡಿ. ಎಸಳಿನಂತೆ ಕಾಣುವ ಇದರ ಪುಷ್ಪಪತ್ರಗಳೂ ನೀರು ಹೀರುತ್ತವೆ. ಒಂದೆರಡು ಗಂಟೆಯಲ್ಲಿ ಗೊಂಚಲು ಮತ್ತೆ ಅರಳಿ ನಿಲ್ಲುತ್ತದೆ.

ಅಂದಹಾಗೆ, ಆ ನೀಲಿ ಬಣ್ಣ ಹುಳಿಮಣ್ಣಿನಲ್ಲಿರುವ ಅಲ್ಯೂಮಿನಿಯಂನಿಂದ ಬಂದದ್ದು. ಪಟಿಕದಲ್ಲಿರುವುದೂ ಅಲ್ಯೂಮಿನಿಯಮ್ಮೇ. ಆದರೆ ಕೊಯ್ದ ಗುಲಾಬಿ ಬಣ್ಣದ ಗೊಂಚಲು ಅದರಿಂದ ನೀಲಿಯಾಗದು, ಆ ಆಸೆ ಬೇಡ.

ನನ್ನ ಮಾತು ಕೇಳುವುದಾದರೆ, ಹೈಡ್ರೇಂಜಿಯಾವನ್ನು ಒಳಾಂಗಣದ ಸಂಜೆ ಆರತಕ್ಷತೆಗೆ ಇಟ್ಟುಕೊಳ್ಳಿ. ಹಗಲಿನ ಚಪ್ಪರಕ್ಕೆ ಸೇವಂತಿಗೆಯೇ ಸರಿ.