ಹೊರುವ ಬಲ, ನಿಲ್ಲುವ ಬಲ

ಹಿರೇಹಡಗಲಿಯಿಂದ ಹೂವಿನಹಡಗಲಿ, ಹರಪನಹಳ್ಳಿ, ಕೊಟ್ಟೂರಿನ ಕಡೆಗೆ ಹೋಗುವ ರಸ್ತೆಗಳಲ್ಲಿ ಮೆಕ್ಕೆಜೋಳ, ಈರುಳ್ಳಿ, ಗೊಬ್ಬರದ ಚೀಲ, ಕುರಿ ಎಲ್ಲವೂ ಸಾಗುವುದು ಪಿಕಪ್‌ಗಳಲ್ಲಿ. ಹೊಸದಕ್ಕೆ ಹತ್ತು ಲಕ್ಷ ರೂಪಾಯಿಯ ಆಸುಪಾಸು ಬೇಕು. ಹಾಗಾಗಿ ಹದಿನೈದು ವರ್ಷ ದುಡಿದ ಗಾಡಿಯನ್ನೂ ಯಾರೂ ಸುಲಭಕ್ಕೆ ಗುಜರಿಗೆ ಕೊಡುವುದಿಲ್ಲ. ಮನೆ ಮುಂದಿನ ಬೇವಿನ ನೆರಳಲ್ಲಿ ಜಾಕ್ ಹಾಕಿ ಬಿಚ್ಚುತ್ತಾರೆ. ರಿಪೇರಿ ಮಾಡುವ ಕೈ ಅಷ್ಟಕ್ಕೇ ನಿಲ್ಲದೆ ಗಾಡಿಯನ್ನು ಇನ್ನಷ್ಟು ಗಟ್ಟಿ ಮಾಡಲು ಹೊರಡುತ್ತದೆ. ಗಟ್ಟಿ ಮಾಡುವುದೆಂದರೆ ಹೆಚ್ಚಿನವರಿಗೆ ಒಂದೇ ಅರ್ಥ: ಹಿಂದಿನ ಸ್ಪ್ರಿಂಗಿಗೆ ಇನ್ನೊಂದೆರಡು ಪ್ಲೇಟು ಸೇರಿಸುವುದು. ಗಾಡಿ ಕೂರುವುದಿಲ್ಲ, ನಾಲ್ಕು ಚೀಲ ಹೆಚ್ಚು ಏರುತ್ತವೆ. ಆದರೆ ಹಳೆಯ ಗಾಡಿಗೆ ದುಡ್ಡು ಹಾಕಬೇಕಾದದ್ದು ಹೊರುವ ಬಲಕ್ಕಲ್ಲ, ನಿಲ್ಲುವ ಬಲಕ್ಕೆ. ಇದಕ್ಕೆ ಕಾರಣ ಗಾಡಿಯ ಅಡಿಯಲ್ಲೇ ಇದೆ.

ಪ್ಲೇಟು ಕಂಬವಲ್ಲ, ಬಾಗಿ ಮತ್ತೆ ನೆಟ್ಟಗಾಗುವ ಬಿಲ್ಲು. ಒಂದೇ ದಪ್ಪದ ಐದು ಪ್ಲೇಟಿನ ಕಟ್ಟಿಗೆ ಆರನೆಯದು ಸೇರಿದರೆ ಅದರ ಬಿಗಿತ ಸುಮಾರು ಐದನೇ ಒಂದರಷ್ಟು ಏರುತ್ತದೆ. ಪ್ಲೇಟಿನ ದಪ್ಪವನ್ನೇ ಕಾಲು ಭಾಗ ಹೆಚ್ಚಿಸಿದರೆ ಬಿಗಿತ ಹತ್ತಿರಹತ್ತಿರ ಎರಡರಷ್ಟಾಗುತ್ತದೆ, ಏಕೆಂದರೆ ಅದು ದಪ್ಪದ ಘನದ ಲೆಕ್ಕದಲ್ಲಿ ಬೆಳೆಯುತ್ತದೆ. ಇಷ್ಟಾದರೂ ಹೊರೆ ಒಂದು ಕಿಲೋ ಕೂಡ ಕಡಿಮೆಯಾಗುವುದಿಲ್ಲ. ಅದು ಪ್ಲೇಟಿನಿಂದ ಆಕ್ಸಲ್‌ಗೆ, ಅಲ್ಲಿಂದ ಬೇರಿಂಗಿಗೆ, ಟೈರಿಗೆ ಇಳಿದೇ ಇಳಿಯುತ್ತದೆ. 2005ರಲ್ಲಿ ಬಂದ ಟಾಟಾ ಏಸ್ ಅನ್ನೇ ನೋಡಿ: ಸುಮಾರು 700 ಸಿಸಿಯ ಎರಡು ಸಿಲಿಂಡರ್ ಎಂಜಿನ್, 16 ಅಶ್ವಶಕ್ತಿ, ಮುಕ್ಕಾಲು ಟನ್ ಹೊರೆ. ಅದರ ಗೇರು, ಟೈರು, ಬ್ರೇಕು ಎಲ್ಲವನ್ನೂ ಆ ಮುಕ್ಕಾಲು ಟನ್ನಿನ ಸುತ್ತಲೇ ಲೆಕ್ಕ ಹಾಕಿರುತ್ತಾರೆ. ಪ್ಲೇಟು ಸೇರಿಸಿದಾಗ ಆ ಲೆಕ್ಕದ ಒಂದೇ ಒಂದು ಅಂಕಿ ಬದಲಾಗುತ್ತದೆ, ಉಳಿದವು ಹಾಗೇ ಇರುತ್ತವೆ.

ಅವುಗಳಲ್ಲಿ ಮೊದಲು ಸೋಲುವುದು ಬ್ರೇಕು. ಓಡುವ ಗಾಡಿಯ ಚಲನಶಕ್ತಿಯನ್ನು ಶಾಖವಾಗಿ ಬದಲಿಸಿ ಗಾಳಿಗೆ ಬಿಡುವುದು ಅದರ ಕೆಲಸ. ಹೊರೆಸಮೇತ ಎರಡೂವರೆ ಟನ್ ತೂಗುವ ಪಿಕಪ್ ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದರೆ ಅದರೊಳಗಿನ ಶಕ್ತಿ ಸುಮಾರು 347 ಕಿಲೋಜೌಲ್. ಒಂದು ಲೀಟರ್ ತಣ್ಣೀರು ಕುದಿಯುವ ಮಟ್ಟಕ್ಕೆ ಬರಲು ಹೆಚ್ಚುಕಡಿಮೆ ಅಷ್ಟೇ ಶಾಖ ಸಾಕು. ಒಂದು ಸಲ ಗಟ್ಟಿಯಾಗಿ ಬ್ರೇಕು ಒತ್ತಿ ನಿಲ್ಲಿಸಿದರೆ ಇಷ್ಟು ಶಾಖ ಡ್ರಮ್ಮು, ಡಿಸ್ಕುಗಳ ಪಾಲಿಗೆ ಬರುತ್ತದೆ. ಇನ್ನೊಂದು ಟನ್ ಏರಿಸಿದರೆ ಅದು 486 ಕಿಲೋಜೌಲ್. ತೂಕ ಎರಡೂವರೆ ಟನ್ನೇ ಇದ್ದು ವೇಗ 80ಕ್ಕೆ ಏರಿದರೆ 617. ವೇಗದ ವರ್ಗದ ಲೆಕ್ಕದಲ್ಲಿ ಶಕ್ತಿ ಏರುವುದರಿಂದ ಹೀಗೆ. ಡ್ರಮ್ಮು ಕಾದಾಗ ಹಿಗ್ಗಿ ಲೈನರ್‌ನಿಂದ ದೂರ ಸರಿಯುತ್ತದೆ, ಲೈನರ್‌ನ ಹಿಡಿತವೂ ಸಡಿಲವಾಗುತ್ತದೆ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುವ ದ್ರವ. ಡಾಟ್ 3 ಆಯಿಲ್ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಶೇ. 3.7ರಷ್ಟು ನೀರು ಕುಡಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಕುದ್ದರೆ ಪೈಪಿನಲ್ಲಿ ಆವಿಯ ಗುಳ್ಳೆ ತುಂಬುತ್ತದೆ, ಪೆಡಲ್ ಪೊಳ್ಳಾಗಿ ಕೆಳಗೆ ಹೋಗುತ್ತದೆ.

ಪ್ಲೇಟಿಗೂ ಬ್ರೇಕಿಗೂ ಇರುವ ನಂಟು ಇನ್ನೂ ಹತ್ತಿರದ್ದು. ಅನೇಕ ಪಿಕಪ್‌ಗಳ ಹಿಂಭಾಗದಲ್ಲಿ ಚಾಸಿಗೆ ಬೋಲ್ಟ್ ಮಾಡಿದ, ಮುಷ್ಟಿಗಿಂತ ಚಿಕ್ಕ ವಾಲ್ವೊಂದು ಇರುತ್ತದೆ. ಅದರಿಂದ ಹೊರಟ ಸಣ್ಣ ಕೈಯೊಂದು ಸ್ಪ್ರಿಂಗು ಅಥವಾ ಸರಳಿನ ಮೂಲಕ ಆಕ್ಸಲ್‌ಗೆ ತಗುಲಿಕೊಂಡಿರುತ್ತದೆ. ಹೊರೆ ಏರಿ ಬಾಡಿ ಕೂತಂತೆ ಚಾಸಿಗೂ ಆಕ್ಸಲ್‌ಗೂ ನಡುವಿನ ಅಂತರ ಕಡಿಮೆಯಾಗುತ್ತದೆ. ಆಗ ಈ ಕೈ ವಾಲ್ವನ್ನು ತಳ್ಳಿ ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಖಾಲಿ ಗಾಡಿಯಲ್ಲಿ ಒತ್ತಡ ಕಡಿಮೆ, ಇಲ್ಲದಿದ್ದರೆ ಹಗುರವಾದ ಹಿಂದಿನ ಚಕ್ರ ಕಚ್ಚಿಕೊಂಡು ಜಾರುತ್ತದೆ. ಅಂದರೆ ಗಾಡಿ ತನ್ನ ಹೊರೆಯನ್ನು ಕೂರುವುದರಿಂದಲೇ ತಿಳಿಯುತ್ತದೆ. ಪ್ಲೇಟು ಸೇರಿಸಿ ಕೂರದಂತೆ ಮಾಡಿದರೆ ವಾಲ್ವಿಗೆ ಗಾಡಿ ಖಾಲಿಯಿದ್ದಂತೆ ಕಾಣುತ್ತದೆ. ಬೆನ್ನ ಮೇಲೆ ಎರಡು ಟನ್ ಈರುಳ್ಳಿ ಇದ್ದರೂ ಹಿಂದಿನ ಬ್ರೇಕು ಅರೆಮನಸ್ಸಿನಿಂದ ಹಿಡಿಯುತ್ತದೆ, ಮುಂದಿನ ಡಿಸ್ಕುಗಳು ಎಲ್ಲವನ್ನೂ ಹೊತ್ತು ಸುಡುತ್ತವೆ. ಆಗ ಬ್ರೇಕು ಸರಿಯಿಲ್ಲವೆಂದು ಮುಂದಿನ ಪ್ಯಾಡ್ ಬದಲಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ವಾಲ್ವಿನ ಕೈಯನ್ನು ತಂತಿಯಿಂದ ಮೇಲಕ್ಕೆ ಕಟ್ಟಿಬಿಡುವ ಉಪಾಯವೂ ಅಷ್ಟೇ: ತುಂಬಿದ ಗಾಡಿ ನಿಲ್ಲುತ್ತದೆ, ಮಳೆಯಲ್ಲಿ ಖಾಲಿ ಬರುವಾಗ ಹಿಂಭಾಗ ಮುಂದಕ್ಕೆ ತಿರುಗುತ್ತದೆ.

ಇದಕ್ಕೆ ಮೂರು ಆಕ್ಷೇಪ ಬರುತ್ತವೆ. ಕಂಪನಿಯವರು ಬರೆದದ್ದಕ್ಕಿಂತ ಗಟ್ಟಿಯಾಗಿಯೇ ಮಾಡಿರುತ್ತಾರೆ ಎಂಬುದು ಮೊದಲನೆಯದು. ನಿಜ, ಉಳಿಕೆ ಇರುತ್ತದೆ. ಆದರೆ ಅದನ್ನು ಇಟ್ಟಿರುವುದು ಗುಂಡಿಗಾಗಿ: ಚಕ್ರ ಗುಂಡಿಗೆ ಬಿದ್ದ ಕ್ಷಣದಲ್ಲಿ ಆಕ್ಸಲ್ ಮೇಲಿನ ಒತ್ತಡ ನಿಂತ ತೂಕಕ್ಕಿಂತ ಎಷ್ಟೋ ಹೆಚ್ಚು. ಆ ಉಳಿಕೆಯನ್ನು ಚೀಲಗಳಿಗೇ ಖರ್ಚು ಮಾಡಿದರೆ ಗುಂಡಿಗೆ ಏನೂ ಉಳಿಯುವುದಿಲ್ಲ. ಹತ್ತು ವರ್ಷದಿಂದ ಹೀಗೇ ಓಡಿಸಿದ್ದೇವೆ, ಏನಾಗಿದೆ ಎಂಬುದು ಎರಡನೆಯದು. ಉಕ್ಕು ದಣಿಯುವುದು ಕಣ್ಣಿಗೆ ಕಾಣುವುದಿಲ್ಲ. ಪ್ರತಿ ಬಾಗಿನಲ್ಲೂ ಕೂದಲೆಳೆಯ ಬಿರುಕು ಸ್ವಲ್ಪಸ್ವಲ್ಪವೇ ಮುಂದೆ ಹೋಗಿ ಒಂದು ದಿನ ಏಕಾಏಕಿ ಮುರಿಯುತ್ತದೆ. ಬಯಲಿನ ರಸ್ತೆಯಲ್ಲಿ ಬ್ರೇಕಿಗೆ ಕಠಿಣ ಪರೀಕ್ಷೆ ಬರುವುದೂ ಅಪರೂಪ. ಕೂಡ್ಲಿಗಿ ದಾಟಿ ಸಂಡೂರಿನ ಗುಡ್ಡದ ಇಳಿಜಾರಿಗೆ ಹೋದ ದಿನ ಅದು ಬರುತ್ತದೆ. ಮೂರನೆಯ ಆಕ್ಷೇಪವೇ ಗಟ್ಟಿಯಾದದ್ದು: ಹೆಚ್ಚು ಹೇರದಿದ್ದರೆ ಬಾಡಿಗೆ ಗಿಟ್ಟುವುದಿಲ್ಲ. ಡೀಸೆಲ್, ಟೈರು, ವಿಮೆಯ ದರ ನೋಡಿದರೆ ಇದನ್ನು ಸುಳ್ಳೆನ್ನಲಾಗದು. ಆದರೆ ಈ ಲೆಕ್ಕದಲ್ಲಿ ಬೇಗ ಸವೆಯುವ ಟೈರು, ಬೇರಿಂಗು, ಕ್ಲಚ್ಚು ಸೇರಿರುವುದಿಲ್ಲ. ದಂಡವೂ ಸೇರಿರುವುದಿಲ್ಲ: ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಹೆಚ್ಚುವರಿ ಹೊರೆಗೆ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ಎಂದಿದೆ. ಕಂಪನಿ ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿ ಬದಲಿಸುವುದನ್ನು ಅದೇ ಕಾಯ್ದೆಯ 52ನೇ ಕಲಂ ತಡೆಯುತ್ತದೆ.

ಹಾಗಾದರೆ ಹಳೆಯ ಗಾಡಿಯನ್ನು ಮೇಲ್ದರ್ಜೆಗೆ ಏರಿಸುವುದೇ ಬೇಡವೇ? ಬೇಕು, ಹೆಡ್‌ಲೈಟಿನಂಥ ಕಡೆಗಳಲ್ಲಿ. ಹಳೆಯ ಗಾಡಿಯಲ್ಲಿ ಹೆಡ್‌ಲೈಟಿನ ಕರೆಂಟು ಸ್ಟೀರಿಂಗ್ ಬಳಿಯ ಸ್ವಿಚ್ಚಿನ ಮೂಲಕ ಸುತ್ತಿ ಬರುತ್ತದೆ, ತೆಳು ತಂತಿಯಲ್ಲೂ ಸವೆದ ಸ್ವಿಚ್ಚಿನಲ್ಲೂ ವೋಲ್ಟೇಜು ಸೋರುತ್ತದೆ. ಹ್ಯಾಲೊಜೆನ್ ಬಲ್ಬಿಗೆ ಹತ್ತರಲ್ಲಿ ಒಂದು ಭಾಗ ವೋಲ್ಟೇಜು ತಪ್ಪಿದರೆ ಬೆಳಕು ಸುಮಾರು ಮೂರು ಭಾಗ ಕುಗ್ಗುತ್ತದೆ. ಬ್ಯಾಟರಿಯಿಂದ ದಪ್ಪ ತಂತಿ, ಒಂದು ಫ್ಯೂಸು, ಎರಡು ರಿಲೇ ಹಾಕಿದರೆ ಅದೇ ಬಲ್ಬು ಪೂರ್ತಿ ಉರಿಯುತ್ತದೆ. ನಸುಕಿನಲ್ಲಿ ಮಲ್ಲಿಗೆ ಹೊತ್ತು ಹೊರಡುವ ಗಾಡಿಗೆ ಇದಕ್ಕಿಂತ ಅಗ್ಗದ ಸುರಕ್ಷೆ ಇಲ್ಲ. ರೇಡಿಯೇಟರಿನದೂ ಹೀಗೆಯೇ. ಕೊಳವೆಬಾವಿಯ ಗಡಸು ನೀರು ತುಂಬಿದರೆ ಒಳಗೆ ಸುಣ್ಣದ ಪದರ ಕಟ್ಟುತ್ತದೆ, ಅದು ಶಾಖ ಸಾಗಿಸುವುದು ತಾಮ್ರಕ್ಕಿಂತ ನೂರಾರು ಪಟ್ಟು ಕಡಿಮೆ. ಎಂಜಿನ್ ಕಾಯುತ್ತದೆಂದು ಥರ್ಮೋಸ್ಟಾಟ್ ಕಿತ್ತೆಸೆದರೆ ಪದರ ಹೋಗುವುದಿಲ್ಲ. ಚಳಿಗಾಲದ ಬೆಳಗ್ಗೆ ಎಂಜಿನ್ ತಣ್ಣಗೇ ಓಡಿ ಡೀಸೆಲ್ ಹೆಚ್ಚು ಕುಡಿಯುತ್ತದೆ. ರೇಡಿಯೇಟರ್ ತೊಳೆಸಿ ಕೂಲಂಟ್ ಹಾಕುವುದೇ ಮದ್ದು. ಈ ಕೆಲಸಗಳಾವುವೂ ಗಾಡಿಯ ಮೂಲ ಲೆಕ್ಕ ಕೆಡಿಸುವುದಿಲ್ಲ. ಸವೆತ ಕದ್ದದ್ದನ್ನು ವಾಪಸು ತರುತ್ತವೆ, ಅಷ್ಟೇ.

ಆದ್ದರಿಂದ ಬೇವಿನ ನೆರಳಲ್ಲಿ ಸ್ಪ್ಯಾನರ್ ಹಿಡಿಯುವ ಮೊದಲು ಟೇಪು ಹಿಡಿಯುವುದು ಒಳ್ಳೆಯದು. ಸಮತಟ್ಟು ನೆಲದಲ್ಲಿ ಖಾಲಿ ಗಾಡಿ ನಿಲ್ಲಿಸಿ ಹಿಂದಿನ ಆಕ್ಸಲ್‌ಗೂ ಚಾಸಿಗೂ ನಡುವಿನ ಅಂತರ ಅಳೆಯಬೇಕು. ಆರ್‌ಸಿಯಲ್ಲಿ ಬರೆದಷ್ಟೇ ಹೊರೆ ಹೇರಿ, ವೇಬ್ರಿಡ್ಜ್ ಮೇಲೆ ತೂಗಿ, ಮತ್ತೆ ಅಳೆಯಬೇಕು. ಎರಡೂ ಅಂಕಿಗಳನ್ನು ಬಾಗಿಲಿನ ಒಳಮೈಗೆ ಪೇಂಟಿನಿಂದ ಬರೆದಿಟ್ಟರೆ ಮುಂದೆ ಪ್ಲೇಟು ಸೋತದ್ದೋ ಹೊರೆ ಮೀರಿದ್ದೋ ಎಂಬ ಜಗಳಕ್ಕೆ ಆಧಾರ ಸಿಗುತ್ತದೆ. ಖಾಲಿಯಿದ್ದಾಗಲೇ ಅಂತರ ತಗ್ಗಿದ್ದರೆ ಪ್ಲೇಟು ಸೋತಿದೆ, ಅದೇ ಅಳತೆಯ ಹೊಸದು ಹಾಕಿಸಬೇಕು. ತುಂಬಿದಾಗ ಮಾತ್ರ ತಗ್ಗುತ್ತಿದ್ದರೆ ಎರಡು ಚೀಲ ಇಳಿಸಬೇಕು.